ಟೊಮೇಟೊ ತಿನ್ನಿ, ಮಾತ್ರೆ ಬಿಡಬೇಡಿ



ದೇಹೂ ರೋಡ್‌ನಲ್ಲಿರುವ ನಮ್ಮ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. "ಹಣ್ಣಾದ ಟೊಮೇಟೊ ಸಿಹಿ ಅಲ್ವೇನೇ?" ಎಂದು ಸಾರಿಗೂ ಹಾಕುತ್ತಿರಲಿಲ್ಲ. ಆಮೇಲೆ ಯಾರದೋ ಮಾತು ಕೇಳಿ ದಿನಾ ಬೆಳಗ್ಗೆ ಅದರದೇ ರಸ ಕುಡಿಯತೊಡಗಿದರು, ಮಾತ್ರೆ ನಿಲ್ಲಿಸಿಬಿಟ್ಟರು! ಮೂರು ತಿಂಗಳಲ್ಲಿ ಸಕ್ಕರೆ ಏರಿ ಕುಳಿತಿತ್ತು.

ಆ ಭಯವೂ ತಪ್ಪು, ಈ ನಂಬಿಕೆಯೂ ತಪ್ಪು. 100 ಗ್ರಾಂ ಟೊಮೇಟೊದಲ್ಲಿ ಸುಮಾರು 95 ಗ್ರಾಂ ನೀರೇ. ಸಕ್ಕರೆ, ನಾರು ಎಲ್ಲ ಸೇರಿ ಶರ್ಕರಪಿಷ್ಟ ಸುಮಾರು 4 ಗ್ರಾಂ, ಶಕ್ತಿ ಸುಮಾರು 18 ಕ್ಯಾಲೊರಿ. ಹಾಗಾಗಿ ತಿಂದ ಕೂಡಲೇ ರಕ್ತದ ಸಕ್ಕರೆ ಜಿಗಿಯುವುದಿಲ್ಲ. ಆದರೆ ಅದು ತರಕಾರಿ, ಔಷಧಿಯಲ್ಲ.

ರಸ ಸೋಸಿದರೆ ನಾರು ಹೋಯಿತು. ಇಡಿಯಾಗಿ ಹೆಚ್ಚಿ ತಿನ್ನಿ. ಬಾಟಲಿಯ ಕೆಚಪ್ ಬೇರೆ ಲೆಕ್ಕ: ಒಂದು ದೊಡ್ಡ ಚಮಚದಲ್ಲಿ ಸುಮಾರು 4 ಗ್ರಾಂ ಸಕ್ಕರೆ, ಅಂದರೆ ಒಂದು ಟೀ ಚಮಚದಷ್ಟು! ಟೊಮೇಟೊ ಬಾತ್ ಮಾಡಿದರೆ ಲೆಕ್ಕ ಹಾಕಬೇಕಾದ್ದು ಅನ್ನವನ್ನು, ಟೊಮೇಟೊವನ್ನಲ್ಲ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಸೋತವರು ಮಾತ್ರ ವೈದ್ಯರನ್ನು ಕೇಳಿಯೇ ತಿನ್ನಬೇಕು. ಇದರಲ್ಲಿ ಪೊಟ್ಯಾಸಿಯಂ ಇದೆ.

ನಮ್ಮ ಕಡೆ ಕೋಲಾರ ಹೇಗೋ, ಪುಣೆ ಜಿಲ್ಲೆಗೆ ನಾರಾಯಣಗಾಂವ್ ಹಾಗೆ, ಟೊಮೇಟೊಗೆ ಹೆಸರುವಾಸಿ ಮಾರುಕಟ್ಟೆ. ಒಳ್ಳೆ ಹಣ್ಣಿಗೆ ಇಲ್ಲಿ ಬರವಿಲ್ಲ. ಹೆಸರುಬೇಳೆ ಕೋಸಂಬರಿಗೆ ಹಾಕಿ, ತಿಳಿಸಾರಿಗೆ ಹಾಕಿ, ಬೆಲ್ಲ ಬಿಡಿ.

2023ರ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಇದನ್ನು ಅವರಿಗೆ ಓದಿ ಹೇಳಿ.

ದೊಡ್ಡಮ್ಮನ ತಟ್ಟೆಯಲ್ಲಿ ಈಗ ಕೋಸಂಬರಿಯೂ ಇದೆ, ಪಕ್ಕದಲ್ಲಿ ಮಾತ್ರೆಯೂ ಇದೆ.