ಗಾಡಿ ಮೀಟರ್ ಸೊನ್ನೆಗೆ ತಿರುಗಿದಂಗ ಕಂಪ್ಯೂಟರ್ ಲೆಕ್ಕನೂ ತಿರುಗತೈತಿ!

ರೋಣ, ನರಗುಂದ, ಗಜೇಂದ್ರಗಡದ ಸಂತೆಗೆ ಬರೋ ಹಳೇ ಸ್ಕೂಟರ್‌ಗಳ ಮೀಟರ್ ನೋಡಿರಬೇಕು. ಐದಂಕಿ ಮೀಟರ್ 99999 ದಾಟಿದ್ರೆ 00000 ಆಗುತ್ತೆ. ಕಂಪ್ಯೂಟರ್‌ನಲ್ಲೂ ಹೀಗೇ. 32 ಬಿಟ್ ಲೆಕ್ಕದಲ್ಲಿ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅದಕ್ಕೆ ಒಂದು ಕೂಡಿಸಿದ್ರೆ ಸೊನ್ನೆ. ಇದಕ್ಕೆ 'ಇಂಟಿಜರ್ ಓವರ್‌ಫ್ಲೋ' ಅಂತಾರೆ.

ಇದರಿಂದ ಏನು ತೊಂದ್ರೆ? ಮೆಮೊರಿಯನ್ನು 100 ಚೀಲ ಹಿಡಿಯೋ ಗೋದಾಮು ಅಂದ್ಕೊಳ್ರಿ. ಮುಂದಿನ ಚೀಲ ಎಲ್ಲಿ ಇಡಬೇಕು ಅಂತ ತೋರಿಸೋ ಗುರುತೇ ಪಾಯಿಂಟರ್. ಹೊರಗಿನಿಂದ ಯಾರೋ ಬೇಕಂತಲೇ ಭಾರಿ ಸಂಖ್ಯೆ ಕಳಿಸಿದ್ರೆ, ಗುರುತಿಗೆ ಅದನ್ನ ಕೂಡಿಸಿದಾಗ ಮೊತ್ತ ತಿರುಗಿ ಸಣ್ಣದಾಗುತ್ತೆ. 'ಜಾಗ ಐತಿ' ಅಂತ ಪ್ರೋಗ್ರಾಮ್ ನಂಬಿ, ಬೇರೆಯವರ ಮಾಲಿನ ಮೇಲೆ ಮಾಲು ಸುರಿಯುತ್ತೆ. ಕಳ್ಳರು ಒಳಗೆ ನುಗ್ಗೋದು ಇಂಥ ಸಂದಿಯಿಂದಲೇ.

ಇದನ್ನ ತಡೆಯೋಕೆ ಸಿ ಭಾಷೆಯ ಪ್ರೋಗ್ರಾಮರ್‌ಗಳು ಒಂದು ಸಾಲು ಬರೀತಿದ್ರು: ಕೂಡಿಸಿದ ಮೇಲೆ ಮೊತ್ತ ಮೊದಲಿಗಿಂತ ಕಡಿಮೆ ಆದ್ರೆ ನಿಲ್ಲಿಸು. ಸರಿಯಾಗೇ ಇತ್ತಲ್ರಿ? ಆದ್ರೆ 2008ರ ಏಪ್ರಿಲ್‌ನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸರ್ಟ್ ಎಚ್ಚರಿಕೆ ಕೊಟ್ಟಿತು. ಜಿಸಿಸಿ ಎಂಬ ಕಂಪೈಲರ್, ಅಂದ್ರೆ ನಾವು ಬರೆದದ್ದನ್ನ ಯಂತ್ರದ ಭಾಷೆಗೆ ತಿರುಗಿಸೋ ಸಾಫ್ಟ್‌ವೇರ್, ಆ ಕಾವಲು ಸಾಲನ್ನೇ ಸದ್ದಿಲ್ಲದೆ ತೆಗೆದುಹಾಕಬಲ್ಲದು ಅಂತ. ಸಿ ಭಾಷೆಯ ನಿಯಮದ ಪ್ರಕಾರ ಪಾಯಿಂಟರ್ ತನ್ನ ಗೋದಾಮು ಬಿಟ್ಟು ಹೊರಗೆ ಹೋಗುವಂತಿಲ್ಲ. ಹಾಗಾಗಿ 'ಕೂಡಿಸಿದ ಮೇಲೆ ಕಡಿಮೆ ಆಗೋ ಮಾತೇ ಇಲ್ಲ, ಈ ಸಾಲು ದಂಡ' ಅಂತ ಕಂಪೈಲರ್ ತರ್ಕ. ಇದು ಬಗ್ಗೋ, ನಿಯಮವೋ ಅಂತ ದೊಡ್ಡ ವಾದವೇ ಆಯ್ತು. ನಿಯಮ ಕಂಪೈಲರ್ ಕಡೆಗೇ ಇದೆ, ಖರೆ. ಆದ್ರೆ ಹೇಳದೆ ಕೇಳದೆ ಕಾವಲುಗಾರನನ್ನ ಮನೆಗೆ ಕಳಿಸಿದ್ದು ಸರಿ ಅನಿಸಲ್ಲ. ಪ್ರೋಗ್ರಾಮ್‌ನಲ್ಲಿ ಒಂದಕ್ಷರ ಬದಲಾಗದಿದ್ರೂ, ಕಂಪೈಲರ್ ಹೊಸದಾದ್ರೆ ಸಾಕು, ತೂತು ಬೀಳಬಹುದು.

ಪರಿಹಾರ ನಮ್ಮ ಅಡತಿ ಅಂಗಡಿ ಲೆಕ್ಕದಷ್ಟೇ ಸರಳ. ಕೂಡಿಸಲೇಬೇಡಿ, ಕಳೆಯಿರಿ. ಗೋದಾಮಿನಲ್ಲಿ 80 ಚೀಲ ಕಡಲೆ ಇದ್ರೆ ಉಳಿದ ಜಾಗ 20. ಬಂದ ಚೀಲ 20ಕ್ಕಿಂತ ಹೆಚ್ಚೋ ಅಂತ ಕೇಳಿದ್ರೆ ಲೆಕ್ಕ ತಿರುಗೋ ಪ್ರಶ್ನೆಯೇ ಇಲ್ಲ, ಕಂಪೈಲರ್ ಕೂಡ ಆ ಸಾಲನ್ನ ಮುಟ್ಟಲ್ಲ. ಇನ್ನೊಂದು ದಾರಿ, ಇಂಥ ತರ್ಕ ಹೂಡಬೇಡ ಅಂತ ಕಂಪೈಲರ್‌ಗೇ ಸೂಚನೆ ಕೊಡೋದು. ನಮ್ಮ ಆಂಡ್ರಾಯ್ಡ್ ಫೋನ್‌ಗಳ ತಳಪಾಯವಾದ ಲಿನಕ್ಸ್ ಕರ್ನಲ್ ಹಾಗೇ ಮಾಡುತ್ತೆ.

ಇಂಥ ರಿಪೇರಿಗಳು ನಿಮ್ಮ ಫೋನಿಗೆ, ಅಂಗಡಿ ಕಂಪ್ಯೂಟರಿಗೆ ಬರೋದು 'ಸೆಕ್ಯೂರಿಟಿ ಅಪ್‌ಡೇಟ್' ಹೆಸರಲ್ಲಿ. ವ್ಯಾಪಾರದ ಹೊತ್ತಲ್ಲಿ ಬಂದ್ರೆ ಮುಂದೂಡ್ರಿ, ರಾತ್ರಿ ಅಂಗಡಿ ಮುಚ್ಚೋ ಮುಂಚೆ ಹಾಕ್ಕೊಳ್ರಿ.