ಕೂಸಿನ ಅಂಗಿ: ಯಾರು ನೇಯ್ದರು, ಯಾರು ಹೊಲಿದರು?

ನಮ್ಮ ಬಳಗದಲ್ಲಿ ಒಂದು ಕೂಸು ಹುಟ್ಟಿತೆಂದರೆ ಮೊದಲು ಏಳುವ ಪ್ರಶ್ನೆ ಹೆಸರಿನದು, ಎರಡನೆಯದು ಅಂಗಿಯದು. ಹೆಸರಿಗಾಗಿ ಪಂಚಾಂಗ ನೋಡುತ್ತೇವೆ, ಹಿರಿಯರನ್ನು ಕೇಳುತ್ತೇವೆ, ನಾಲ್ಕು ದಿನ ಚರ್ಚೆ ಮಾಡುತ್ತೇವೆ. ಅಂಗಿಗಾಗಿ ಮಾತ್ರ ಲಕ್ಷ್ಮೀ ರಸ್ತೆಗೋ ತುಳಶೀಬಾಗಿಗೋ ಹೋಗಿ, ಇಲ್ಲವೆ ಕೈಯೊಳಗಿನ ಮೊಬೈಲಿನ ಮೇಲೆ ಬೆರಳಾಡಿಸಿ, ಅರ್ಧ ಗಳಿಗೆಯಲ್ಲಿ ಕೆಲಸ ಮುಗಿಸುತ್ತೇವೆ. ಬಣ್ಣ ಕಣ್ಣಿಗೆ ಒಪ್ಪಿತೇ, ಬೆಲೆ ಕೈಗೆ ಎಟುಕಿತೇ, ಇಷ್ಟೇ ಪರೀಕ್ಷೆ. ಆ ಅರಿವೆ ಯಾವ ನೂಲಿನದು, ಅದಕ್ಕೆ ಎಂಥ ಬಣ್ಣ ಹಾಕಿದ್ದಾರೆ, ಹೊಲಿದ ಕೈ ಯಾರದು ಎಂದು ಕೇಳುವ ರೂಢಿ ನಮಗಿಲ್ಲ. ಈ ಸಲ ಅದನ್ನೇ ಸ್ವಲ್ಪ ವಿಚಾರ ಮಾಡೋಣ.

ಹಿರಿಯರ ಪದ್ಧತಿ

ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆಯಿಂದ ಬಂದು ಪುಣೆಯಲ್ಲಿ ನೆಲಸಿದ ಮನೆಗಳ ಅಜ್ಜಿಯರನ್ನು ಕೇಳಿ ನೋಡಿರಿ. ಹುಟ್ಟಿದ ಕೂಸಿಗೆ ಹೊಸ ಅರಿವೆ ತೊಡಿಸಬಾರದು, ಹೆಸರಿಡುವ ದಿನದವರೆಗೆ ಹಳೆಯದೇ ಆಗಬೇಕು ಎನ್ನುತ್ತಾರೆ. ಅಜ್ಜನ ಧೋತರ ಹರಿದು ದುಪ್ಪಟಿ. ಅಜ್ಜಿಯ ಮೆತ್ತಗಾದ ಸೀರೆಯಿಂದ ಒಳಬಟ್ಟೆ. ಉಳಿದ ಚೂರುಗಳನ್ನು ಹಾಸಿ ಹೊಲಿದ ಕೌದಿ. ಕುಂಚಿಗೆ, ಕುಲಾವಿಗಳು ಹಿಂದಿನ ಕೂಸಿನವು. ಅದಕ್ಕೂ ಹಿಂದೆ ಅವು ಚಿಕ್ಕಪ್ಪನವೋ ಅತ್ತೆಯವೋ ಆಗಿದ್ದಿರಬಹುದು. ನೆರೆಮನೆಯ ಮರಾಠಿ ಆಜಿಯೂ ಇದನ್ನೇ ಹೇಳುತ್ತಾರೆ. ಕೌದಿಗೆ ಅವರು ಗೋಧಡಿ ಎನ್ನುತ್ತಾರೆ, ಅಷ್ಟೇ ಭೇದ.

ಇದನ್ನು ಬರಿಯ ಬಡತನದ ಲಕ್ಷಣವೆಂದೋ ಮೂಢನಂಬಿಕೆಯೆಂದೋ ತಳ್ಳಿಹಾಕುವಂತಿಲ್ಲ. ನೂರು ಸಲ ಒಗೆದ ಹತ್ತಿಯ ಬಟ್ಟೆ ಕೂಸಿನ ಎಳೆಯ ಚರ್ಮಕ್ಕೆ ಹಿತ. ಗಿರಣಿಯ ಗಂಜಿ, ಉಳಿದ ಬಣ್ಣ ಎಲ್ಲ ಆ ಹೊತ್ತಿಗೆ ನೀರಿನೊಡನೆ ಹೋಗಿರುತ್ತವೆ. ಹೊಸ ಬಟ್ಟೆಯ ಸಂಗತಿ ಬೇರೆ. ನಿರಿಗೆ ಬೀಳದಂತೆ ಹಚ್ಚುವ ಕೆಲವು ರಾಳಗಳಿಂದ ಫಾರ್ಮಾಲ್ಡಿಹೈಡ್ ಹೊರಬೀಳುತ್ತದೆ. ಅದು ಚರ್ಮಕ್ಕೆ ಕೆರೆತ ತರಬಲ್ಲದು. ಯುರೋಪಿನಲ್ಲಿ ೧೯೯೨ರಲ್ಲಿ ಆರಂಭವಾದ ಓಯೆಕೋಟೆಕ್ಸ್ ಎಂಬ ಪರೀಕ್ಷಾ ಕ್ರಮದಲ್ಲಿ ಮೂರು ವರ್ಷದೊಳಗಿನ ಮಕ್ಕಳ ಬಟ್ಟೆಗೆ ಬೇರೆಯೇ ವರ್ಗವಿದೆ, ಅದರ ಮಿತಿಗಳು ಎಲ್ಲಕ್ಕಿಂತ ಬಿಗಿ. ನಮ್ಮ ಸರ್ಕಾರವೂ ೧೯೯೭ರ ಮಾರ್ಚಿನಲ್ಲಿ ೭೦ ಆಜೋ ಬಣ್ಣಗಳನ್ನು ನಿಷೇಧಿಸಿತು. ಅವು ಒಡೆದಾಗ ಕ್ಯಾನ್ಸರ್ ತರಬಲ್ಲ ಪದಾರ್ಥಗಳು ಹುಟ್ಟುತ್ತವೆ ಎಂಬುದೇ ಕಾರಣ.

ಆದ್ದರಿಂದ ಅಜ್ಜಿಯ ಮಾತನ್ನು ಪೂರ್ತಿ ಪಾಲಿಸಲಾಗದಿದ್ದರೂ ಒಂದು ಪಾಲನ್ನಾದರೂ ಪಾಲಿಸೋಣ. ಹೊಸ ಅಂಗಿಯನ್ನು ಎರಡು ಸಲ ಒಗೆದು, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ತೊಡಿಸೋಣ. ಕೊರಳ ಹತ್ತಿರ ಉದ್ದ ಲಾಡಿ, ಸಡಿಲ ಗುಂಡಿ ಇರುವ ಅಂಗಿಗಳು ಎಳೆಗೂಸಿಗೆ ಬೇಡ. ಪಕ್ಕಕ್ಕೆ ಕಟ್ಟುವ ಗಿಡ್ಡ ಕಸೆಯ ಅಂಗಿಯೇ ಕ್ಷೇಮ.

ಮೂರು ತಿಂಗಳ ಆಯುಷ್ಯ

ಆರೋಗ್ಯದ ಕೂಸು ಸುಮಾರು ಐದು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟಾಗುತ್ತದೆ, ವರ್ಷ ತುಂಬುವ ಹೊತ್ತಿಗೆ ಮೂರರಷ್ಟು. ಹುಟ್ಟುವಾಗ ೫೦ ಸೆಂಟಿಮೀಟರಿನಷ್ಟಿದ್ದ ಉದ್ದ ಅಷ್ಟರಲ್ಲೇ ೭೫ಕ್ಕೆ ಬರುತ್ತದೆ. ಹೀಗಿರುವಾಗ ಒಂದು ಅಂಗಿ ಹೆಚ್ಚೆಂದರೆ ಮೂರು ತಿಂಗಳು ಹಿಡಿಸೀತು. ಬಾರಸೆಯ ದಿನ ಉಡುಗೊರೆಯಾಗಿ ಬಂದ ಹದಿನೈದು ಅಂಗಿಗಳಲ್ಲಿ ಆರಾದರೂ ಪೆಟ್ಟಿಗೆಯೊಳಗೇ ಸಣ್ಣವಾಗುವುದನ್ನು ನಾವೆಲ್ಲ ಕಂಡವರೇ.

ನಮ್ಮ ದರ್ಜಿಗಳಿಗೆ ಇದಕ್ಕೆ ಉಪಾಯ ಗೊತ್ತಿತ್ತು. ಪರಕಾರದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿ ಹೊಲಿಯುತ್ತಿದ್ದರು; ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಇಂದಿಗೂ ಓಣಿಯ ದರ್ಜಿಗೆ ಹೇಳಿದರೆ ಮಾಡಿಕೊಡುತ್ತಾನೆ. ಸಿದ್ಧ ಉಡುಪಿನಲ್ಲಿ ಆ ಅಂಚು ಸಿಗುವುದು ಅಪರೂಪ.

ಯಾವ ನೂಲು?

ಪುಣೆಯ ಹವೆಗೆ ಹತ್ತಿಯಂಥದು ಬೇರೊಂದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬೆವರು ಹೀರುತ್ತದೆ. ಜನವರಿಯ ಚಳಿಗೆ ಎರಡು ಪದರ ತೊಡಿಸಿ ಮೇಲೊಂದು ಕೌದಿ ಹೊದಿಸಿದರಾಯಿತು. ಪಾಲಿಯೆಸ್ಟರ್ ಹುಟ್ಟುವುದು ಕಲ್ಲೆಣ್ಣೆಯಿಂದ. ಬೆವರನ್ನು ಅದು ಹೀರದು. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಎಳೆಗಳನ್ನು ನೀರಿಗೆ ಬಿಡುತ್ತದೆ. ಬಿದಿರಿನ ಬಟ್ಟೆಯೆಂದು ಹೊಗಳಿ ಮಾರುವುದು ಬಹುಮಟ್ಟಿಗೆ ರೇಯಾನ್. ಬಿದಿರಿನ ತಿರುಳನ್ನು ತೀಕ್ಷ್ಣ ರಸಾಯನಗಳಲ್ಲಿ ಕರಗಿಸಿ ತೆಗೆದ ನೂಲು ಅದು. ಮೆತ್ತಗಿರುವುದು ನಿಜ; ಬಿದಿರುಮೆಳೆಯ ಪಾವಿತ್ರ್ಯವೆಲ್ಲ ಅದರಲ್ಲಿ ಉಳಿದಿದೆಯೆಂಬುದು ಮಾತ್ರ ನಿಜವಲ್ಲ.

ಗುಳೇದಗುಡ್ಡದ ಖಣ ಈಗ ಪುಣೆಯಲ್ಲಿ ಪುನಃ ಬಹಳ ಬಳಕೆಗೆ ಬಂದಿದೆ. ಪುಟ್ಟ ಹುಡುಗಿಯರ ಪರಕಾರ, ಪೋಲಕ, ಕುಂಚಿಗೆ ಎಲ್ಲ ಖಣದವೇ. ಸಂತೋಷದ ಸಂಗತಿಯೇ. ಆದರೆ ಅಂಗಡಿಯಲ್ಲಿ ಖಣವೆಂದು ಸಿಗುವುದೆಲ್ಲ ಕೈಮಗ್ಗದ್ದಲ್ಲ. ಯಂತ್ರಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದದ್ದೂ ಬೇಕಾದಷ್ಟಿದೆ. ಸಂಶಯ ಬಂದರೆ ಅಂಚಿನ ನಾಲ್ಕು ಎಳೆ ಕಿತ್ತು, ಚಿಮ್ಮಟದಲ್ಲಿ ಹಿಡಿದು, ಮಕ್ಕಳಿಂದ ದೂರ ಕುಳಿತು ಸುಟ್ಟು ನೋಡಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಅಗ್ಗದ ಅಂಗಿಯ ನಿಜವಾದ ಬೆಲೆ

ಇಲ್ಲಿಯವರೆಗೆ ನಮ್ಮ ಕೂಸಿನ ಮಾತಾಯಿತು. ಇನ್ನು ಪರರ ಮಕ್ಕಳ ಮಾತು.

ಮಿಶ್ರತಳಿಯ ಹತ್ತಿ ಮೊದಲು ೧೯೭೦ರಲ್ಲಿ ಸೂರತ್ತಿನಿಂದ ಬಂದಿತು. ೧೯೭೨ರಲ್ಲಿ ನಮ್ಮ ಕರ್ನಾಟಕದಿಂದಲೇ ವರಲಕ್ಷ್ಮಿ ಎಂಬ ತಳಿ ಬಂದಿತು. ಇಳುವರಿ ಹೆಚ್ಚಿತು, ಸಂದೇಹವಿಲ್ಲ. ಆದರೆ ಆ ಬೀಜ ಸಿದ್ಧವಾಗಬೇಕಾದರೆ ಒಂದೊಂದು ಮೊಗ್ಗಿನ ಕೇಸರವನ್ನೂ ಕೈಯಿಂದಲೇ ಬಿಡಿಸಿ, ಮರುದಿನ ಬೇರೆ ತಳಿಯ ಪರಾಗ ಹಚ್ಚಬೇಕು. ಗಿಡ ಗಿಡ್ಡ, ಕೆಲಸ ಸೂಕ್ಷ್ಮ, ಕೂಲಿ ಕಡಿಮೆ. ಹೀಗಾಗಿ ಸಣ್ಣ ಬೆರಳುಗಳಿಗೆ ಬೇಡಿಕೆ ಬಂದಿತು. ಆಂಧ್ರ, ಗುಜರಾತ, ಉತ್ತರ ಕರ್ನಾಟಕದ ಬೀಜದ ಹೊಲಗಳಲ್ಲಿ ಶಾಲೆ ಬಿಟ್ಟ ಹುಡುಗಿಯರು ದಿನವಿಡೀ ಬಾಗಿ ದುಡಿದದ್ದು ಅನೇಕ ವರದಿಗಳಲ್ಲಿ ದಾಖಲಾಗಿದೆ. ೨೦೧೬ರಲ್ಲಿ ತಿದ್ದುಪಡಿಯಾದ ಕಾನೂನು ೧೪ ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಡಕೂಡದೆನ್ನುತ್ತದೆ. ಆದರೆ ಶಾಲೆಯ ಹೊತ್ತು ಬಿಟ್ಟು ಮನೆಯವರ ಕೆಲಸಕ್ಕೆ ನೆರವಾಗಬಹುದೆಂಬ ಸಡಿಲಿಕೆಯನ್ನೂ ಇಟ್ಟಿದೆ. ಮನೆಯ ಹೊಲ ಯಾವುದು, ಕೂಲಿಯ ಹೊಲ ಯಾವುದು ಎಂದು ದೂರದಿಂದ ಹೇಳುವುದು ಕಷ್ಟ.

ಹೊಲಿಗೆಯ ಕಡೆ ನೋಡಿರಿ. ೨೦೧೩ರ ಏಪ್ರಿಲ್ ೨೪ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು ೧,೧೦೦ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳವರು ಮುಚ್ಚಿಕೊಂಡು ಹೋದರು. ಹೊಲಿಯುವವರನ್ನು ಮಾತ್ರ ಒಳಗೆ ಕರೆದರು. ಢಾಕಾ ದೂರವೆನ್ನಬೇಡಿರಿ. ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗಿಳಿದರು. ಭವಿಷ್ಯ ನಿಧಿಯಲ್ಲಿ ಮಾಲಿಕರ ಪಾಲಿನ ಹಣವನ್ನು ೫೮ ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ಹೊಸ ನಿಯಮವೇ ಕಾರಣ. ಕಷ್ಟಕಾಲಕ್ಕೆ, ಮಕ್ಕಳ ಶಾಲೆಗೆ ಅವರಿಗಿದ್ದ ಗಂಟು ಅದೊಂದೇ. ಸರ್ಕಾರ ನಿಯಮವನ್ನು ಹಿಂದೆಗೆದುಕೊಂಡಿತು. ಅವರು ಕನ್ನಡದ ತಾಯಂದಿರು. ನಮ್ಮ ಮಕ್ಕಳ ಅಂಗಿ ಹೊಲಿಯುವವರೂ ಅಂಥವರೇ.

ಅಂಗಿ ಅಗ್ಗವಾಯಿತೆಂದರೆ ಉಳಿದ ಬೆಲೆಯನ್ನು ಯಾರೋ ತೆತ್ತಿದ್ದಾರೆ ಎಂದೇ ಅರ್ಥ. ಹಾಗೆಂದು ದುಬಾರಿ ಅಂಗಿಯೆಲ್ಲ ನ್ಯಾಯದ್ದೆಂದೂ ಹೇಳಲಾಗದು. ಎಷ್ಟೋ ಸಲ ಆ ಹಣ ಜಾಹೀರಾತಿಗೇ ಹೋಗುತ್ತದೆ.

ಹಾಗಾದರೆ ಮಾಡುವುದೇನು?

ನಾವು ಸೂಚಿಸುವ ಕ್ರಮ ಹೀಗಿದೆ. ಮೊದಲು, ಇದ್ದದ್ದನ್ನು ಬಳಸಬೇಕು. ಎರಡನೆಯದಾಗಿ, ಕೊಳ್ಳುವುದನ್ನು ಕಡಿಮೆ ಮಾಡಿ, ಸಾದಾ ಹತ್ತಿಯ ಬಟ್ಟೆ ತಂದು ನೆರೆಯ ದರ್ಜಿಯಿಂದ ಹೊಲಿಸಬೇಕು. ಆತನ ಕೂಲಿ ನಮ್ಮ ಕಣ್ಣೆದುರೇ ಆತನ ಕೈ ಸೇರುತ್ತದೆ. ಮೂರನೆಯದಾಗಿ, ಸಿದ್ಧ ಉಡುಪೇ ಬೇಕಾದರೆ ಗುರುತು ನೋಡಿ ಕೊಳ್ಳಬೇಕು. ಕೈಮಗ್ಗಕ್ಕೆ ೨೦೦೬ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಖಾದಿಗೆ ೨೦೧೩ರ ನಿಯಮಗಳಂತೆ ಖಾದಿ ಮಾರ್ಕ್ ಇದೆ. ಸಾವಯವವೆಂದು ಬರೆದಲ್ಲಿ ಜಿ.ಓ.ಟಿ.ಎಸ್. ಎಂಬ ಮುದ್ರೆ ಹುಡುಕಿರಿ. ಅದಕ್ಕೆ ಕನಿಷ್ಠ ೭೦ ಪಾಲು ಸಾವಯವ ನೂಲಿರಬೇಕು, ಬಣ್ಣ ಮತ್ತು ಕೆಲಸಗಾರರ ಸ್ಥಿತಿಗತಿಗೂ ಷರತ್ತುಗಳಿವೆ.

ಖಾದಿ ಪುಣೆಗೆ ಹೊರಗಿನದಲ್ಲ. ಪೆಟ್ಟಿಗೆಯಲ್ಲಿ ಮಡಿಚಿಡಬಹುದಾದ ಚರಕಕ್ಕೆ ಯರವಡಾ ಚಕ್ರವೆಂದು ಹೆಸರು ಬಂದದ್ದು ಗಾಂಧೀಜಿಯವರಿದ್ದ ಇಲ್ಲಿಯ ಜೈಲಿನಿಂದಲೇ. ಊರಿಗೆ ಹೋದಾಗ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘವಿದೆ. ಸಾಗರದ ಕಡೆ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಎಂಬ ಮಹಿಳಾ ಸಂಘವಿದೆ. ಅಲ್ಲಿ ಅಡಿಕೆಯ ಚೊಗರು, ನೀಲಿ, ದಾಳಿಂಬೆ ಸಿಪ್ಪೆಗಳ ಬಣ್ಣ ಕಟ್ಟಿದ ಕೈಮಗ್ಗದ ಬಟ್ಟೆ ಹುಟ್ಟುತ್ತದೆ.

ಲಂಗೋಟಿಯ ಮಾತನ್ನೂ ಬಿಡುವಂತಿಲ್ಲ. ನಾವು ಎಸೆದ ಡೈಪರುಗಳನ್ನು ಕಸದಿಂದ ಬೇರ್ಪಡಿಸುವವರು ಬಹುಪಾಲು ಹೆಣ್ಣುಮಕ್ಕಳೇ. ಪುಣೆಯಲ್ಲಿ ೨೦೦೮ರಿಂದ ನಗರಪಾಲಿಕೆಯೊಡನೆ ದುಡಿಯುತ್ತಿರುವ ಅವರದೇ ‘ಸ್ವಚ್ಛ’ ಸಹಕಾರಿ ಸಂಘ ಕೇಳುವುದಿಷ್ಟೇ: ಅದನ್ನು ಕಾಗದದಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕೆ ಹಾಕಿ ಬೇರೆ ಕೊಡಿರಿ. ಮನೆಯಲ್ಲಿರುವ ಹೊತ್ತು ಹಳೆಯ ಧೋತರದ ಲಂಗೋಟಿ, ಪ್ರಯಾಣಕ್ಕೂ ಬಿಡದ ಮಳೆಯ ದಿನಗಳಿಗೂ ಡೈಪರು; ಈ ಹೊಂದಾಣಿಕೆಯಿಂದ ಬಾಣಂತಿಗೂ ಹೊರೆಯಾಗದು.

ಕೊನೆಗೊಂದು ವಿನಂತಿ. ಹಳೆಯ ಅಂಗಿ ಇಸಿದುಕೊಂಡರೆ ಜನ ಏನೆಂದಾರು ಎಂಬ ಸಂಕೋಚ ನಮ್ಮಲ್ಲಿ ಇತ್ತೀಚೆಗೆ ಬೆಳೆದಿದೆ. ಹರಿದದ್ದನ್ನು ಕೆಲಸದವಳ ಕೈಗಿಟ್ಟು ದಾನವೆನ್ನುವ ನಾವು, ಒಳ್ಳೆಯದನ್ನು ಸರೀಕರಿಂದ ಪಡೆಯಲು ನಾಚುತ್ತೇವೆ. ಈ ಎರಡೂ ಸರಿಯಲ್ಲ. ಸಂಘದಲ್ಲಿ ಒಂದು ಪೆಟ್ಟಿಗೆ ಇಡೋಣ. ಸಣ್ಣದಾದ, ಆದರೆ ಹರಿಯದ ಅಂಗಿ, ಕುಲಾವಿ, ಶಾಲೆಯ ಸಮವಸ್ತ್ರಗಳನ್ನು ಒಗೆದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ತನ್ನಿರಿ, ಬೇಕಾದವರು ಒಯ್ಯಲಿ. ತಂದವರ ಹೆಸರು, ಒಯ್ದವರ ಹೆಸರು ಬರೆದಿಡುವುದು ಬೇಡ. ಯಾವ ಅಂಗಿ ತೊಟ್ಟು ಒಂದು ಕೂಸು ಸುಖವಾಗಿ ಬೆಳೆಯಿತೋ, ಅದನ್ನು ಇನ್ನೊಂದು ಕೂಸಿಗೆ ತೊಡಿಸುವುದನ್ನು ನಮ್ಮ ಹಿರಿಯರು ಶುಭವೆಂದೇ ಎಣಿಸಿದ್ದರು.