‘ಒಳಗೆ’ ಬಲ್ಲವರಿಗೆ ‘ಬೈ’ ಕಷ್ಟವಲ್ಲ

ಊರು ಬಿಟ್ಟು ಪುಣೆ, ಮುಂಬೈ, ದಿಲ್ಲಿ ಸೇರಿದ ನಮಗೆ ಕಚೇರಿಯಲ್ಲಿ ಎರಡು ಬಗೆಯ ಇಂಗ್ಲಿಷ್ ಸಿಗುತ್ತದೆ. ಒಂದು ಪುಸ್ತಕದ್ದು, ಇನ್ನೊಂದು ಸುತ್ತಲಿನ ಹಿಂದಿ, ಮರಾಠಿಯ ಜಾಡು ಹಿಡಿದದ್ದು. ಕ್ಯಾಂಟೀನಿನಲ್ಲಿ ಎರಡನೆಯದು ಧಾರಾಳವಾಗಿ ನಡೆಯುತ್ತದೆ. ಹೊರದೇಶದ ಗ್ರಾಹಕರಿಗೆ ಮೇಲ್ ಬರೆಯುವಾಗ ಮಾತ್ರ ಕೈಕೊಡುತ್ತದೆ.

ಪುಣೆಯ ನಮ್ಮ ತಂಡದಲ್ಲಿ ಹಾವೇರಿ ಕಡೆಯ ಹುಡುಗನೊಬ್ಬನಿದ್ದಾನೆ. ಕೆಲಸದಲ್ಲಿ ಬಹಳ ಚುರುಕು. ಸೋಮವಾರದೊಳಗೆ ಸರ್ವರ್ ಸಿದ್ಧವಾಗುತ್ತದೆ ಎನ್ನಲು ‘ಸರ್ವರ್ ವಿಲ್ ಬಿ ಅವೈಲಬಲ್ ಟಿಲ್ ಮಂಡೇ’ ಎಂದು ಬರೆದ. ಸೋಮವಾರದವರೆಗೆ ಮಾತ್ರ ಸಿಗುತ್ತದೆ ಎಂದು ತಿಳಿದ ಗ್ರಾಹಕರು ಶುಕ್ರವಾರವೇ ಲಾಗಿನ್ ಆಗಲು ನೋಡಿದರು. ಆಗಲಿಲ್ಲ. ದೂರು ನೇರವಾಗಿ ಮ್ಯಾನೇಜರ್‌ಗೆ ಹೋಯಿತು. ಅಪ್ರೈಸಲ್‌ನಲ್ಲಿ ‘ಸಂವಹನ ಸುಧಾರಿಸಬೇಕು’ ಎಂಬ ಸಾಲು ಬಂತು, ಇನ್‌ಕ್ರಿಮೆಂಟ್ ಇಳಿಯಿತು.

‘ಅಣ್ಣಾ, ನಾ ಕನ್ನಡ ಮೀಡಿಯಂದಾಗ ಓದಿದಾಂವ, ಅದಕ್ಕ ಹಿಂಗಾತ್ರಿ’ ಅಂದ. ನಾನು ಒಪ್ಪಲಿಲ್ಲ.

ಕನ್ನಡದಲ್ಲಿ ‘ಸೋಮವಾರದೊಳಗೆ’ ಎಂದರೆ ಗಡುವು. ‘ಸೋಮವಾರದವರೆಗೆ’ ಎಂದರೆ ಅಲ್ಲಿಯ ತನಕ ಇರುವುದು. ಇಂಗ್ಲಿಷಿನಲ್ಲೂ ಹಾಗೆಯೇ: ಒಳಗೆ ಎಂಬಲ್ಲಿ ‘ಬೈ’, ವರೆಗೆ ಎಂಬಲ್ಲಿ ‘ಟಿಲ್’. ಹಿಂದಿಯ ‘ತಕ್’ ಎರಡೂ ಕೆಲಸ ಮಾಡುತ್ತದೆ, ಮರಾಠಿಯ ‘ಪರ್ಯಂತ’ವೂ ಅಷ್ಟೇ. ಅವನ ‘ಟಿಲ್’ ಬಂದದ್ದು ಅಲ್ಲಿಂದ, ಕನ್ನಡ ಶಾಲೆಯಿಂದಲ್ಲ.

ಎಲ್ಲ ಕಡೆಯೂ ಕನ್ನಡ ಕೈಹಿಡಿಯುತ್ತದೆ ಎಂದಲ್ಲ. ‘2019ರಿಂದ’, ‘ಐದು ವರ್ಷದಿಂದ’ ಎರಡಕ್ಕೂ ನಮ್ಮದು ಒಂದೇ ‘ಇಂದ’. ಹಾಗಾಗಿ ‘ಸಿನ್ಸ್ ಫೈವ್ ಇಯರ್ಸ್’ ಬಾಯಿಗೆ ಬರುತ್ತದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಕಳೆದ ಅವಧಿ ಹೇಳಿದರೆ ‘ಫಾರ್’: ಸಿನ್ಸ್ 2019, ಫಾರ್ ಫೈವ್ ಇಯರ್ಸ್.

ಇನ್ನೆರಡು ಪದಗಳ ಬಗ್ಗೆಯೂ ಎಚ್ಚರ ಬೇಕು. ನಮ್ಮಲ್ಲಿ ‘ಡೌಟ್’ ಎಂದರೆ ಪ್ರಶ್ನೆ. ಬ್ರಿಟನ್, ಅಮೆರಿಕದವರಿಗೆ ಅದು ಅಪನಂಬಿಕೆಯಂತೆ ಕೇಳಿಸಬಹುದು. ‘ಕ್ವೆಶ್ಚನ್’ ಎಂದರೆ ಸಾಕು. ‘ಐ ವಿಲ್ ರಿವರ್ಟ್’ ನಮಗೆ ಉತ್ತರಿಸುತ್ತೇನೆ ಎಂದು. ಸಾಫ್ಟ್‌ವೇರ್‌ನವರಿಗೆ ರಿವರ್ಟ್ ಎಂದರೆ ಮಾಡಿದ ಬದಲಾವಣೆಯನ್ನು ರದ್ದು ಮಾಡುವುದು. ಅಲ್ಲಿ ‘ರಿಪ್ಲೈ’ ಎಂದೇ ಬರೆಯಿರಿ.

ಹುಡುಗ ಈಗ ಗಡುವಿನ ಮೇಲ್ ಕಳಿಸುವ ಮುನ್ನ ಆ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳುತ್ತಾನೆ. ನೀವೂ ಮಾಡಿ ನೋಡಿ, ಅರ್ಧ ನಿಮಿಷದ ಕೆಲಸ.